ಆರು ಮೆಷಿನ್, ಒಂದು ಕ್ಯೂ: ಕರೆಂಟ್ ಉಳಿಸಲು ಹೊರಟ 34 ದಿನಗಳ ಲಾಗ್

ನಮ್ಮ ಕ್ಲಸ್ಟರ್, ಅಂದರೆ ಒಟ್ಟಾಗಿ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು, ದೊಡ್ಡದೇನಲ್ಲ. ಆರು ಮೆಷಿನ್, ಒಟ್ಟು 32 ಕೋರ್ (ಪ್ರೊಸೆಸರ್‌ನೊಳಗಿನ ಲೆಕ್ಕ ಮಾಡುವ ಘಟಕ). ನಾಲ್ಕು ಹಳೆಯ ಡೆಸ್ಕ್‌ಟಾಪ್‌ಗಳಿವೆ, ತಲಾ ನಾಲ್ಕು ಕೋರ್. ಎರಡು ಹೊಸವು, ತಲಾ ಎಂಟು ಕೋರ್. ಇಲ್ಲಿ ಅವನ್ನು ಹಳೆ-1ರಿಂದ ಹಳೆ-4, ಹೊಸ-1, ಹೊಸ-2 ಎಂದೇ ಕರೆಯುತ್ತೇನೆ. ಇವೆಲ್ಲದರ ಮುಂದೆ ಒಂದು ಪುಟ್ಟ ಬೋರ್ಡ್ ಕಂಪ್ಯೂಟರ್ ಹೆಡ್ ನೋಡ್ (ಎಲ್ಲವನ್ನೂ ನಡೆಸುವ ಮೆಷಿನ್; ನೋಡ್ ಅಂದರೆ ಕ್ಲಸ್ಟರ್‌ನ ಒಂದು ಮೆಷಿನ್) ಆಗಿ ಕೂತಿದೆ. ಯಾವ ಜಾಬ್ (ಕೆಲಸ) ಯಾವ ಮೆಷಿನ್‌ನಲ್ಲಿ ಯಾವಾಗ ಓಡಬೇಕು ಅಂತ ಹಂಚುವ ಶೆಡ್ಯೂಲರ್ ಸ್ಲರ್ಮ್. ಅದು ಹೆಡ್ ನೋಡ್‌ನಲ್ಲೇ ಓಡುತ್ತದೆ. ಅದಕ್ಕೆ ಸಿಕ್ಕಿಸಿದ ಎಸ್‌ಎಸ್‌ಡಿಯಿಂದ ಫೈಲ್‌ಗಳು ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವ್ಯವಸ್ಥೆ) ಮೂಲಕ ಎಲ್ಲ ನೋಡ್‌ಗಳಿಗೂ ಹೋಗುತ್ತವೆ.

ಬರುವ ಕೆಲಸ ಎರಡು ಬಗೆಯದು. ಒಂದು ವಿಡಿಯೊ ಎನ್‌ಕೋಡಿಂಗ್. ಇನ್ನೊಂದು ದೊಡ್ಡ ಫೈಲ್‌ಗಳ ಚೆಕ್‌ಸಮ್ ನೋಡುವುದು, ಅಂದರೆ ಫೈಲ್ ಕೆಟ್ಟಿಲ್ಲ ಅಂತ ಲೆಕ್ಕಹಾಕಿ ಖಾತ್ರಿ ಮಾಡುವುದು. ಮೊದಲನೆಯದು ಸಿಪಿಯು ತಿನ್ನುತ್ತದೆ, ಎರಡನೆಯದು ನೆಟ್‌ವರ್ಕ್ ಕಾಯುತ್ತದೆ. ಈ ವ್ಯತ್ಯಾಸ ಇಷ್ಟು ಮುಖ್ಯ ಅಂತ ಶುರುವಿನಲ್ಲಿ ನನಗೆ ಹೊಳೆದಿರಲಿಲ್ಲ.

ಆರೂ ಮೆಷಿನ್‌ಗಳು ಹಗಲು ರಾತ್ರಿ ಆನ್ ಇರುತ್ತಿದ್ದವು. ಹಿಂದಿನ ತಿಂಗಳ ಸ್ಲರ್ಮ್ ಲೆಕ್ಕ ತೆಗೆದು ನೋಡಿದೆ. ದಿನಕ್ಕೆ ಸುಮಾರು 100 ಕೋರ್-ಗಂಟೆಯಷ್ಟು ಕೆಲಸ ಆಗುತ್ತಿತ್ತು. 32 ಕೋರ್ 24 ಗಂಟೆ ಓಡಿದರೆ 768 ಕೋರ್-ಗಂಟೆ. ಅಂದರೆ ನಾವು ಬಳಸುತ್ತಿದ್ದದ್ದು ಶೇಕಡಾ 13 ಮಾತ್ರ. ಉಳಿದ 87 ಭಾಗ ಫ್ಯಾನ್ ತಿರುಗಿಸಿಕೊಂಡು ಸುಮ್ನೆ ಕೂತಿತ್ತು. ಅದನ್ನು ನೋಡಿದ ದಿನವೇ ಈ ಕೆಲಸ ಶುರು ಮಾಡಿದೆ.

ದಿನ 1ರಿಂದ 3: ತಪ್ಪು ಅಳತೆ

ಮೊದಲ ಮೂರು ದಿನ ಹಾಳು ಮಾಡಿದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ರ‍್ಯಾಪಲ್ ಎಂಬ ಎನರ್ಜಿ ಕೌಂಟರ್ ಇದೆ. 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಿಂದ ಬಂದದ್ದು. ಲಿನಕ್ಸ್‌ನಲ್ಲಿ ಒಂದು ಫೈಲ್ ಓದಿದರೆ ಸಾಕು, ಇದುವರೆಗೆ ಎಷ್ಟು ಮೈಕ್ರೋಜೂಲ್ ಖರ್ಚಾಯಿತು ಅಂತ ಹೇಳುತ್ತದೆ. ರೂಟ್ (ನಿರ್ವಾಹಕ) ಆಗಿ ಓದಬೇಕು ಅಷ್ಟೇ. 2020ರಲ್ಲಿ, ಈ ಅಂಕಿಗಳಿಂದಲೇ ಗುಟ್ಟು ಕದಿಯುವ ಪ್ಲಾಟಿಪಸ್ ದಾಳಿ ಬೆಳಕಿಗೆ ಬಂದ ಮೇಲೆ ಸಾಮಾನ್ಯ ಬಳಕೆದಾರರಿಗೆ ಅದನ್ನು ಮುಚ್ಚಿದರು. ಬೇರೆ ಸಾಮಾನು ಬೇಡ, ಸಲೀಸು ಅಂದುಕೊಂಡೆ. ಎರಡು ಗಂಟೆಗೊಮ್ಮೆ ಓದಿ ಬರೆದಿಡುವ ಸ್ಕ್ರಿಪ್ಟ್ ಹಾಕಿ ಮಲಗಿದೆ.

ಬೆಳಗ್ಗೆ ನೋಡಿದರೆ ಕೆಲವು ಸಾಲುಗಳಲ್ಲಿ ಮೈನಸ್ ಅಂಕಿ. ಆ ಕೌಂಟರ್ ಒಂದು ಮಿತಿ ಮುಟ್ಟಿದ ಮೇಲೆ ಸೊನ್ನೆಗೆ ಮರಳುತ್ತದೆ. ಪಕ್ಕದ ಇನ್ನೊಂದು ಫೈಲ್‌ನಲ್ಲಿ ಆ ಮಿತಿ ಬರೆದಿರುತ್ತದೆ. ನಮ್ಮ ಮೆಷಿನ್‌ಗಳಲ್ಲಿ ಅದು 2,62,14,33,28,850 ಮೈಕ್ರೋಜೂಲ್, ಅಂದರೆ ಸುಮಾರು 262 ಕಿಲೋಜೂಲ್. ಪ್ರೊಸೆಸರ್ 60 ವ್ಯಾಟ್‌ನಲ್ಲಿ ಓಡುತ್ತಿದ್ದರೆ 73 ನಿಮಿಷಕ್ಕೆ ಒಂದು ಸುತ್ತು ಮುಗಿಯಿತು. ಎರಡು ಗಂಟೆಗೊಮ್ಮೆ ಓದಿದರೆ ಒಂದು ಸುತ್ತು ಹಾಗೇ ಕೈಬಿಟ್ಟು ಹೋಗುತ್ತದೆ. ಓದುವ ಅಂತರ ಹತ್ತು ನಿಮಿಷಕ್ಕೆ ಇಳಿಸಿದೆ, ಮೈನಸ್ ಬಂದರೆ ಮಿತಿಯನ್ನು ಕೂಡಿಸಿದೆ. ಅಂಕಿ ಸರಿಯಾಯಿತು.

ಸರಿಯಾದ ಅಂಕಿಯೂ ಕೆಲಸಕ್ಕೆ ಬರಲಿಲ್ಲ. ಹಳೆ-1 ಸುಮ್ಮನಿದ್ದಾಗ ರ‍್ಯಾಪಲ್ 9 ವ್ಯಾಟ್ ಅಂದಿತು. ಒಂದು ವ್ಯಾಟ್ ಮೀಟರ್ ತಂದು ಪ್ಲಗ್‌ಗೆ ಸಿಕ್ಕಿಸಿದರೆ 28 ವ್ಯಾಟ್! ಮದರ್‌ಬೋರ್ಡ್, ಡಿಸ್ಕ್, ಫ್ಯಾನ್, ಪವರ್ ಸಪ್ಲೈನಲ್ಲಿ ಬಿಸಿಯಾಗಿ ಹೋಗುವುದು, ಇವು ಯಾವುವೂ ಪ್ರೊಸೆಸರ್ ಕೌಂಟರ್‌ಗೆ ಕಾಣುವುದಿಲ್ಲ. ಯಾವುದನ್ನು ಉಳಿಸಬೇಕು ಅಂತ ಹೊರಟಿದ್ದೆನೋ ಅದರ ಮೂರನೇ ಎರಡು ಭಾಗ ನನ್ನ ಅಳತೆಯಿಂದಲೇ ಹೊರಗಿತ್ತು. ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಗೋಡೆಯ ಪ್ಲಗ್‌ನಲ್ಲಿ ಅಳೆಯಿರಿ. ರ‍್ಯಾಪಲ್ ಒಂದೇ ಮೆಷಿನ್‌ನಲ್ಲಿ ಎರಡು ಜಾಬ್ ಹೋಲಿಸಲು ಸರಿ, ಒಟ್ಟು ಲೆಕ್ಕಕ್ಕೆ ಸಾಲದು.

ದಿನ 4: ನಿಜವಾದ ಅಳತೆ

ಮೀಟರನ್ನು ಒಂದೊಂದೇ ಮೆಷಿನ್‌ಗೆ ಹಾಕಿ, ತಲಾ ಅರ್ಧ ಗಂಟೆ ನೋಡಿ ಬರೆದುಕೊಂಡದ್ದು:

ಹಳೆಯದು, ಸುಮ್ಮನಿದ್ದಾಗ 28 ವ್ಯಾಟ್. ನಾಲ್ಕೂ ಕೋರ್ ತುಂಬಿದಾಗ 85.
ಹೊಸದು, ಸುಮ್ಮನಿದ್ದಾಗ 16 ವ್ಯಾಟ್. ಎಂಟೂ ಕೋರ್ ತುಂಬಿದಾಗ 110.
ಹೆಡ್ ನೋಡ್ 6, ನೆಟ್‌ವರ್ಕ್ ಸ್ವಿಚ್ 8.
ಆಫ್ ಮಾಡಿ ಪ್ಲಗ್ ಹಾಗೇ ಬಿಟ್ಟರೆ ಹಳೆಯದು 1.5, ಹೊಸದು 1.

ಎಲ್ಲವೂ ಸುಮ್ಮನಿದ್ದರೂ 158 ವ್ಯಾಟ್. ದಿನಕ್ಕೆ 3.8 ಯೂನಿಟ್, ಅಂದರೆ 3.8 ಕಿಲೋವ್ಯಾಟ್-ಅವರ್. ಆಮೇಲೆ ಇಡೀ ಎಕ್ಸ್‌ಟೆನ್ಶನ್ ಬೋರ್ಡಿಗೇ ಮೀಟರ್ ಹಾಕಿ ಒಂದು ಮಾಮೂಲಿ ದಿನ ಬಿಟ್ಟೆ. 5.1 ಯೂನಿಟ್ ಬಂತು. ಕೆಲಸಕ್ಕೆ ಹೋದದ್ದು 1.3, ಕೂತಿರುವುದಕ್ಕೆ ಹೋದದ್ದು 3.8.

ಇದು ನಮ್ಮೊಬ್ಬರ ಕಥೆ ಅಲ್ಲ. ಗೂಗಲ್‌ನ ಲೂಯಿಸ್ ಬರೊಸೊ ಮತ್ತು ಉರ್ಸ್ ಹೋಲ್ಜ್‌ಲೆ 2007ರಲ್ಲೇ ಇದನ್ನು ಬರೆದಿದ್ದರು. ಸರ್ವರ್‌ಗಳು ಹೆಚ್ಚಿನ ಹೊತ್ತು ಶೇಕಡಾ 10ರಿಂದ 50ರ ನಡುವೆಯೇ ದುಡಿಯುತ್ತವೆ, ಆದರೆ ಏನೂ ಮಾಡದಿದ್ದಾಗಲೂ ಪೂರ್ತಿ ದುಡಿಯುವಾಗಿನ ಅರ್ಧದಷ್ಟು ಕರೆಂಟ್ ಎಳೆಯುತ್ತವೆ ಅಂತ. ಇಂದಿನ ಯಂತ್ರಗಳು ಅದಕ್ಕಿಂತ ವಾಸಿ. ನಮ್ಮ ಹಳೆಯವು ಮೂರನೇ ಒಂದು ಭಾಗ, ಹೊಸವು ಏಳನೇ ಒಂದು ಭಾಗ ಎಳೆಯುತ್ತವೆ.

ದಿನ 6: ನಿಧಾನ ಓಡಿಸಿದರೆ ಉಳಿಯುತ್ತಾ?

ಪ್ರೊಸೆಸರ್ ವೇಗ ಇಳಿಸಿದರೆ ಕರೆಂಟ್ ಇಳಿಯುತ್ತದೆ, ಹಾಗಾಗಿ ಎಲ್ಲ ಕಡೆ ಗವರ್ನರ್ (ವೇಗ ನಿಯಂತ್ರಿಸುವ ಸೆಟ್ಟಿಂಗ್) ಅನ್ನು ಪವರ್‌ಸೇವ್‌ಗೆ ಹಾಕಿಬಿಡೋಣ ಅನ್ನಿಸಿತು. ಹಾಕಿದೆ. ಹೊಸ ಮೆಷಿನ್‌ಗಳಲ್ಲಿ ಏನೂ ಬದಲಾಗಲಿಲ್ಲ, ಹಳೆಯವು ಆಮೆಯಂತಾದವು.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಹೊಸವುಗಳಲ್ಲಿ ಇಂಟೆಲ್ ಪಿಸ್ಟೇಟ್ ಡ್ರೈವರ್ ಇದೆ. ಅದರಲ್ಲಿ ಪವರ್‌ಸೇವ್ ಅಂದರೆ ಕೆಲಸ ಬಂದಾಗ ಏರುತ್ತದೆ, ಇಲ್ಲದಾಗ ಇಳಿಯುತ್ತದೆ. ಹಳೆಯವುಗಳಲ್ಲಿ ಓಡುತ್ತಿದ್ದದ್ದು ಎಸಿಪಿಐ ಡ್ರೈವರ್. ಅಲ್ಲಿ ಅದೇ ಹೆಸರಿಗೆ ಬೇರೆ ಅರ್ಥ: ಕನಿಷ್ಠ ವೇಗದಲ್ಲೇ ಕಟ್ಟಿಹಾಕು. ಹಳೆಯವುಗಳಲ್ಲಿ ಪಿಸ್ಟೇಟ್ ಏಕೆ ಇಲ್ಲ ಅಂತ ನೋಡಿದರೆ, ಎಂದೋ ಯಾವುದೋ ಪರೀಕ್ಷೆಗೆ ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸಾಲಿನಲ್ಲಿ ನಾನೇ ಅದನ್ನು ಡಿಸೇಬಲ್ ಮಾಡಿ ಮರೆತಿದ್ದೆ. ಈಗ ಅದು ಅನುಕೂಲಕ್ಕೇ ಬಂತು. ಎಸಿಪಿಐ ಡ್ರೈವರ್‌ನಲ್ಲಿ ಬೇಕಾದ ವೇಗವನ್ನು ಕೈಯಾರೆ ನಿಗದಿ ಮಾಡಬಹುದು. ಹಾಗಾಗಿ ಬದಲಾಯಿಸದೆ ಒಂದೇ ಎನ್‌ಕೋಡಿಂಗ್ ಜಾಬನ್ನು ಹಳೆ-1ರಲ್ಲಿ ಮೂರು ವೇಗದಲ್ಲಿ ಓಡಿಸಿದೆ.

3.2 ಗಿಗಾಹರ್ಟ್ಸ್: 20 ನಿಮಿಷ, 85 ವ್ಯಾಟ್, ಒಟ್ಟು 28.3 ವ್ಯಾಟ್-ಅವರ್.
2.6 ಗಿಗಾಹರ್ಟ್ಸ್: 24.5 ನಿಮಿಷ, 67 ವ್ಯಾಟ್, ಒಟ್ಟು 27.4.
1.6 ಗಿಗಾಹರ್ಟ್ಸ್: 39 ನಿಮಿಷ, 52 ವ್ಯಾಟ್, ಒಟ್ಟು 33.8.

ಅತಿ ನಿಧಾನಕ್ಕೇ ಅತಿ ಹೆಚ್ಚು ಖರ್ಚು. ಮೆಷಿನ್ ಎದ್ದಿರುವಷ್ಟು ಹೊತ್ತೂ ಆ 28 ವ್ಯಾಟ್ ಹೋಗುತ್ತಲೇ ಇರುತ್ತದಲ್ವಾ. 39 ನಿಮಿಷ ಎದ್ದಿದ್ದರೆ 39 ನಿಮಿಷವೂ ಹೋಗುತ್ತದೆ.

ಇಲ್ಲಿ ನಿಲ್ಲಿಸಿದ್ದರೆ ಮತ್ತೊಂದು ತಪ್ಪು ಮಾಡುತ್ತಿದ್ದೆ. ಜಾಬ್ ಮುಗಿದ ಮೇಲೂ ಮೆಷಿನ್ ಆನ್ ಇರುತ್ತದೆ ಅಂತಿಟ್ಟುಕೊಳ್ಳಿ. ಆಗ ಮೂರನ್ನೂ ಒಂದೇ 39 ನಿಮಿಷದ ಅಳತೆಯಲ್ಲಿ ನೋಡಬೇಕು. ವೇಗವಾಗಿ ಮುಗಿಸಿದ ಮೆಷಿನ್ ಉಳಿದ 19 ನಿಮಿಷ 28 ವ್ಯಾಟ್‌ನಲ್ಲಿ ಕೂರುತ್ತದೆ. ಅದು 8.9 ವ್ಯಾಟ್-ಅವರ್. ಒಟ್ಟು 37.2 ಆಯಿತು. ಈಗ ನಿಧಾನದ 33.8ರದ್ದೇ ಗೆಲುವು. ಮುಗಿದ ಕೂಡಲೇ ಆಫ್ ಆಗುವುದಾದರೆ ವೇಗದ್ದು 28.8 ಮಾತ್ರ. ಲೆಕ್ಕ ಪೂರ್ತಿ ತಿರುಗಿತು.

ನೋಟ್‌ಬುಕ್‌ನಲ್ಲಿ ಇದನ್ನು ದೊಡ್ಡದಾಗಿ ಬರೆದುಕೊಂಡೆ: ಜಾಬ್ ಯಾವ ವೇಗದಲ್ಲಿ ಓಡಬೇಕು ಅನ್ನುವುದನ್ನು, ಜಾಬ್ ಮುಗಿದ ಮೇಲೆ ಮೆಷಿನ್ ಏನು ಮಾಡುತ್ತದೆ ಅನ್ನುವುದು ತೀರ್ಮಾನಿಸುತ್ತದೆ. ಮುಂದಿನ ಎಲ್ಲ ಹೆಜ್ಜೆಗಳೂ ಈ ಒಂದು ಸಾಲಿನಿಂದ ಬಂದವು.

ಚೆಕ್‌ಸಮ್ ಜಾಬ್ ಬೇರೆ ಥರ. 3.2ರಲ್ಲಿ 21 ನಿಮಿಷ, 47 ವ್ಯಾಟ್, 16.5 ವ್ಯಾಟ್-ಅವರ್. 1.6ರಲ್ಲಿ 22 ನಿಮಿಷ, 39 ವ್ಯಾಟ್, 14.3. ಒಂದೇ ನಿಮಿಷ ಜಾಸ್ತಿ, ಖರ್ಚು ಕಡಿಮೆ. ಹೇಗೂ ಅದು ನೆಟ್‌ವರ್ಕ್ ಕಾಯುತ್ತಾ ಕೂರುವ ಜಾಬ್. ಹಾಗಾಗಿ ಚೆಕ್‌ಸಮ್‌ಗೆ ಕಡಿಮೆ ವೇಗ, ಎನ್‌ಕೋಡಿಂಗ್‌ಗೆ ಪೂರ್ತಿ ವೇಗ ಅಂತ ಗೊತ್ತುಮಾಡಿದೆ.

ಅದನ್ನು ಸ್ಲರ್ಮ್‌ಗೆ ಹೇಳುವಾಗಲೂ ಎಡವಿದೆ. ಎಸ್‌ಬ್ಯಾಚ್ (ಜಾಬನ್ನು ಕ್ಯೂಗೆ ಹಾಕುವ ಕಮಾಂಡ್) ಸ್ಕ್ರಿಪ್ಟ್‌ನ ತಲೆಯಲ್ಲಿ ಸಿಪಿಯು-ಫ್ರೀಕ್ ಎಂಬ ವೇಗದ ಆಯ್ಕೆ ಹಾಕಿದೆ, ಮೀಟರ್ ಮಾತ್ರ 47 ಬಿಟ್ಟು ಇಳಿಯಲಿಲ್ಲ. ಎಸ್‌ಬ್ಯಾಚ್‌ನಲ್ಲಿ ಕೊಟ್ಟದ್ದು ಒಳಗೆ ಎಸ್‌ರನ್ ಎಂಬ ಇನ್ನೊಂದು ಕಮಾಂಡ್ ಮೂಲಕ ಶುರುವಾಗುವ ಸ್ಟೆಪ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಸ್ಕ್ರಿಪ್ಟ್ ಎಸ್‌ರನ್ ಇಲ್ಲದೆ ನೇರವಾಗಿ ಕಮಾಂಡ್ ಓಡಿಸುತ್ತಿತ್ತು. ಆ ಕಮಾಂಡ್‌ನ ಮುಂದೆ ಎಸ್‌ರನ್ ಸೇರಿಸಿದೆ, 39ಕ್ಕೆ ಇಳಿಯಿತು. ಮೀಟರ್ ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ದಿನದ ಒಟ್ಟು ಲೆಕ್ಕ: 5.1 ಇದ್ದದ್ದು 5.0 ಆಯಿತು. ಇಷ್ಟು ಓಡಾಟಕ್ಕೆ ಇಷ್ಟೇ.

ದಿನ 9: ಹರಡುವುದು ಬಿಟ್ಟು ತುಂಬುವುದು

ಕ್ಲಸ್ಟರ್ ಕಟ್ಟುವಾಗ ಸ್ಲರ್ಮ್‌ನಲ್ಲಿ ಎಲ್‌ಎಲ್‌ಎನ್ ಆಯ್ಕೆ ಹಾಕಿದ್ದೆ. ಹೊಸ ಜಾಬ್ ಬಂದರೆ ಎಲ್ಲಕ್ಕಿಂತ ಕಡಿಮೆ ಹೊರೆ ಇರುವ ನೋಡ್‌ಗೆ ಕಳಿಸು ಅಂತ. ನ್ಯಾಯವಾಗಿ ಹಂಚುವುದು ಒಳ್ಳೆಯದು ಅನ್ನಿಸಿತ್ತು. ಆದರೆ ಆರು ಜಾಬ್ ಬಂದರೆ ಆರು ಮೆಷಿನ್‌ಗೆ ಒಂದೊಂದು ಹೋಗುತ್ತಿತ್ತು, ಯಾವುದನ್ನೂ ಆಫ್ ಮಾಡುವ ಹಾಗಿರಲಿಲ್ಲ. ಅದನ್ನು ತೆಗೆದು, ನೋಡ್‌ಗಳಿಗೆ ವೇಯ್ಟ್ ಕೊಟ್ಟೆ: ಹೊಸವಕ್ಕೆ 1, ಹಳೆಯವಕ್ಕೆ 10. ಸ್ಲರ್ಮ್ ಕಡಿಮೆ ವೇಯ್ಟ್ ಇರುವ ನೋಡ್ ಮೊದಲು ತುಂಬುತ್ತದೆ.

ಎರಡೇ ಗಂಟೆಯಲ್ಲಿ ಹೊಸ-1ರಲ್ಲಿ ಮೂರು ಜಾಬ್ ಸತ್ತವು, ಎಕ್ಸಿಟ್ ಕೋಡ್ 137. ಮೆಮೊರಿ ತುಂಬಿ ಕರ್ನಲ್ ಕೊಂದಿತ್ತು. ನಾನು ಕೋರ್‌ಗಳ ಲೆಕ್ಕ ಮಾತ್ರ ಇಡಲು ಹೇಳಿದ್ದೆ, ಮೆಮೊರಿ ಲೆಕ್ಕ ಇಟ್ಟಿರಲಿಲ್ಲ. ಒಂದೊಂದೇ ಜಾಬ್ ಇದ್ದಾಗ ಇದು ಮರೆಯಾಗಿತ್ತು. ಕೋರ್ ಮತ್ತು ಮೆಮೊರಿ ಎರಡನ್ನೂ ಎಣಿಸುವ ಆಯ್ಕೆಗೆ ಬದಲಿಸಿ, ಪ್ರತಿ ಕೋರ್‌ಗೆ ಡಿಫಾಲ್ಟ್ ಮೆಮೊರಿ ಗೊತ್ತುಮಾಡಿದೆ.

ಮಾರನೇ ದಿನ ಇನ್ನೊಂದು ತೊಡಕು. ಎಂಟು ಚೆಕ್‌ಸಮ್ ಜಾಬ್‌ಗಳು ಒಟ್ಟಿಗೆ ಬಂದು ಹೊಸ-1ರ ಎಂಟೂ ಕೋರ್ ಹಿಡಿದು ಕೂತವು. ಒಂದೊಂದು ಸೆಕೆಂಡಿಗೆ ಸುಮಾರು 40 ಎಂಬಿ ಓದುತ್ತದೆ. ಎಂಟು ಸೇರಿದರೆ 320. ಗಿಗಾಬಿಟ್ ಕೇಬಲ್ ಕೊಡುವುದು ಸುಮಾರು 110. 21 ನಿಮಿಷದ ಜಾಬ್‌ಗಳು 61 ನಿಮಿಷ ಹಿಡಿದವು. ಅಷ್ಟೂ ಹೊತ್ತು ಕೋರ್‌ಗಳು ಹೆಸರಿಗೆ ತುಂಬಿವೆ, ನಿಜಕ್ಕೆ ಖಾಲಿ. ಹಿಂದೆ ಬಂದ ಎನ್‌ಕೋಡಿಂಗ್ ಜಾಬ್‌ಗಳು ಜಾಗ ಇಲ್ಲದೆ ಹಳೆಯ ಮೆಷಿನ್‌ಗಳಿಗೆ ಹೋದವು.

ಇದಕ್ಕೆ ಸ್ಲರ್ಮ್‌ನ ಲೈಸೆನ್ಸ್ ಸೌಲಭ್ಯ ಬಳಸಿದೆ. ಅದು ಸಾಫ್ಟ್‌ವೇರ್ ಲೈಸೆನ್ಸ್ ಎಣಿಸಲು ಇರುವುದು. ನಾನು ಎನ್‌ಎಫ್‌ಎಸ್ ಅಂತ ಹೆಸರಿಟ್ಟು ಸಂಖ್ಯೆ 3 ಕೊಟ್ಟೆ. ಪ್ರತಿ ಚೆಕ್‌ಸಮ್ ಜಾಬ್ ಒಂದನ್ನು ಕೇಳಬೇಕು. ಹಾಗಾಗಿ ಒಮ್ಮೆಗೆ ಮೂರೇ ಓಡುತ್ತವೆ. ಎಂಟೂ ಮುಗಿಯಲು ಒಟ್ಟು ಹೊತ್ತು ಹೆಚ್ಚುಕಮ್ಮಿ ಮೊದಲಿನಷ್ಟೇ, ಕೇಬಲ್ ಅಷ್ಟೇ ಇದೆಯಲ್ಲ. ಆದರೆ ಉಳಿದ ಐದು ಕೋರ್ ಎನ್‌ಕೋಡಿಂಗ್‌ಗೆ ಸಿಕ್ಕವು. ನೆಟ್‌ವರ್ಕ್ ತಿನ್ನುವವರ ಪಕ್ಕದಲ್ಲಿ ಸಿಪಿಯು ತಿನ್ನುವವರನ್ನು ಕೂರಿಸಿದರೆ ಇಬ್ಬರಿಗೂ ತೊಂದರೆ ಇಲ್ಲ. ಈ ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟ ಬದಲಾವಣೆ ಇದು. ಒಂದೇ ಸಾಲಿನ ಕಾನ್ಫಿಗ್.

ಈ ಹಂತದಲ್ಲಿ ದಿನಕ್ಕೆ 4.7 ಯೂನಿಟ್.

ದಿನ 13: ಆಫ್ ಮಾಡುವುದು

ಹಳೆಯ ನಾಲ್ಕೂ ಈಗ ಬಹುಪಾಲು ಖಾಲಿ. ಸ್ಲರ್ಮ್‌ನಲ್ಲೇ ಪವರ್ ಸೇವಿಂಗ್ ಇದೆ. ಇಷ್ಟು ಸೆಕೆಂಡ್ ಖಾಲಿ ಇದ್ದರೆ ಈ ಪ್ರೋಗ್ರಾಂ ಓಡಿಸಿ ಆಫ್ ಮಾಡು, ಜಾಬ್ ಬಂದರೆ ಆ ಪ್ರೋಗ್ರಾಂ ಓಡಿಸಿ ಎಬ್ಬಿಸು. ಆಫ್ ಮಾಡಲು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮೂಲಕ ಪವರ್‌ಆಫ್ ಕಮಾಂಡ್. ಎಬ್ಬಿಸಲು ವೇಕ್-ಆನ್-ಲ್ಯಾನ್, ಅಂದರೆ ನೆಟ್‌ವರ್ಕ್‌ನಲ್ಲಿ ಒಂದು ಪ್ಯಾಕೆಟ್ ಬಂದರೆ ಮೆಷಿನ್ ಏಳುವ ಸೌಲಭ್ಯ.

ಎಷ್ಟು ಹೊತ್ತು ಖಾಲಿ ಇದ್ದರೆ ಆಫ್ ಮಾಡಬೇಕು? ಹಳೆಯ ಮೆಷಿನ್ ಬೂಟ್ ಆಗಲು 95 ಸೆಕೆಂಡ್, ಸರಾಸರಿ 60 ವ್ಯಾಟ್. 1.6 ವ್ಯಾಟ್-ಅವರ್ ಆಯಿತು. ಶಟ್‌ಡೌನ್ 0.2. ಒಟ್ಟು 1.8. ಆಫ್ ಇದ್ದಾಗ ಉಳಿಯುವುದು 28ರಲ್ಲಿ 1.5 ಕಳೆದು 26.5 ವ್ಯಾಟ್. 1.8 ವ್ಯಾಟ್-ಅವರ್ ವಾಪಸ್ ಬರಲು ಸುಮಾರು 4 ನಿಮಿಷ ಬೇಕು. ಹೊಸದಕ್ಕೆ ಬೂಟ್ 40 ಸೆಕೆಂಡ್, ಅದು ಸುಮಾರು 2 ನಿಮಿಷದಲ್ಲೇ ಸರಿದೂಗುತ್ತದೆ. ಮುಂದಿನ ಜಾಬ್ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಾಗ, ಸರಿದೂಗುವಷ್ಟೇ ಹೊತ್ತು ಕಾದು ಆಫ್ ಮಾಡಿದರೆ, ಎಲ್ಲವೂ ಮುಂಚೆಯೇ ಗೊತ್ತಿದ್ದವರ ಖರ್ಚಿನ ಎರಡು ಪಟ್ಟನ್ನು ಎಂದೂ ದಾಟುವುದಿಲ್ಲ.

ಈ ಲೆಕ್ಕ ಮಾಡುವ ಮೊದಲೇ ಆತುರದಲ್ಲಿ 60 ಸೆಕೆಂಡ್ ಹಾಕಿದ್ದೆ. ಅದೊಂದು ದಿನ ಹಳೆ-1 ಆಫ್ ಆಗಿ ಆನ್ ಆದದ್ದು 41 ಸಲ. ಅದರಲ್ಲಿ ತಿರುಗುವ ಡಿಸ್ಕ್ ಇದೆ. ಸಂಜೆ ಆ ಲಾಗ್ ಓದುವಾಗ ನಿಜಕ್ಕೂ ಸಂಕಟವಾಯಿತು. 300ಕ್ಕೆ ಏರಿಸಿದೆ. ಕೊನೆಗೆ ಡಿಸ್ಕ್‌ಗಳ ಆಯುಷ್ಯ ನೆನೆದು 600ಕ್ಕೆ ನಿಲ್ಲಿಸಿದೆ. ಕರೆಂಟ್ ಲೆಕ್ಕದಲ್ಲಿ ಸ್ವಲ್ಪ ನಷ್ಟ, ಪರವಾಗಿಲ್ಲ.

ಎಬ್ಬಿಸುವುದು ಇನ್ನೂ ದೊಡ್ಡ ಗೋಳು. ವೇಕ್-ಆನ್-ಲ್ಯಾನ್ ಪ್ಯಾಕೆಟ್ ತುಂಬ ಸರಳ: ಆರು ಬೈಟ್ ಎಫ್‌ಎಫ್, ಅದರ ಹಿಂದೆ ಮೆಷಿನ್‌ನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) 16 ಸಲ. ಒಟ್ಟು 102 ಬೈಟ್. ಪ್ಯಾಕೆಟ್ ಒಂದು ಸಲವೂ ತೊಂದರೆ ಕೊಡಲಿಲ್ಲ, ತೊಂದರೆ ಕೊಟ್ಟದ್ದು ಸುತ್ತಲಿನವು.

ಹಳೆ-3 ಏಳಲೇ ಇಲ್ಲ. ಬಯೋಸ್‌ನಲ್ಲಿ ಇಆರ್‌ಪಿ ಆಯ್ಕೆ ಆನ್ ಇತ್ತು. ಅದು ಆಫ್ ಆದಾಗ ನೆಟ್‌ವರ್ಕ್ ಕಾರ್ಡ್‌ಗೆ ಹೋಗುವ ಸ್ಟ್ಯಾಂಡ್‌ಬೈ ಕರೆಂಟನ್ನೂ ಕತ್ತರಿಸುತ್ತದೆ. ಕರೆಂಟ್ ಉಳಿಸುವ ಆಯ್ಕೆಯೇ ಕರೆಂಟ್ ಉಳಿಸಲು ಅಡ್ಡ ಬಂತು. ಅದನ್ನು ಆಫ್ ಮಾಡಿದೆ.

ಹಳೆ-1 ಮೊದಲ ಸಲ ಎದ್ದಿತು, ಎರಡನೇ ಸಲ ಇಲ್ಲ. ಎಥ್‌ಟೂಲ್‌ನಲ್ಲಿ (ನೆಟ್‌ವರ್ಕ್ ಕಾರ್ಡ್ ಹೊಂದಿಸುವ ಕಮಾಂಡ್) ಕೊಟ್ಟ ಸೆಟ್ಟಿಂಗ್ ರೀಬೂಟ್ ಆದ ಮೇಲೆ ಹೋಗಿತ್ತು. ಬೂಟ್ ಆಗುವಾಗ ಎಲ್ಲವನ್ನೂ ಶುರು ಮಾಡುವ ಸಿಸ್ಟಮ್‌ಡಿಯ ಲಿಂಕ್ ಫೈಲ್‌ನಲ್ಲಿ ಬರೆದೆ, ಉಳಿಯಿತು.

ಹಳೆ-2 ತಾನಾಗಿಯೇ ಎದ್ದು ಕೂರುತ್ತಿತ್ತು. ಅದರಲ್ಲಿ ಮ್ಯಾಜಿಕ್ ಪ್ಯಾಕೆಟ್ (ಮೇಲೆ ಹೇಳಿದ ಎಬ್ಬಿಸುವ ಪ್ಯಾಕೆಟ್) ಮಾತ್ರವಲ್ಲ, ಯಾವ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ ಸಂದೇಶ) ಬಂದರೂ ಏಳುವಂತೆ ಸೆಟ್ ಆಗಿತ್ತು. ಯಾರೋ ಯಾರನ್ನೋ ನೆಟ್‌ವರ್ಕ್‌ನಲ್ಲಿ ಹುಡುಕಿದರೂ ಇದು ಏಳುತ್ತಿತ್ತು. ಮ್ಯಾಜಿಕ್ ಒಂದನ್ನೇ ಉಳಿಸಿದೆ.

ಮತ್ತೆ ಟೈಮ್‌ಔಟ್. ಎಬ್ಬಿಸಿದ ನೋಡ್ ಬರಲು ಸ್ಲರ್ಮ್ ಕಾಯುವ ಡಿಫಾಲ್ಟ್ ಸಮಯ 60 ಸೆಕೆಂಡ್. ಹಳೆಯವಕ್ಕೆ ಬೇಕಿರುವುದು 95. ಪ್ರತಿ ಸಲವೂ ಮೆಷಿನ್ ಎದ್ದು ಬರುವಷ್ಟರಲ್ಲಿ ಸ್ಲರ್ಮ್ ಅದನ್ನು ಡೌನ್ ಅಂತ ಬರೆದಿರುತ್ತಿತ್ತು. 240ಕ್ಕೆ ಏರಿಸಿದೆ. ಆಫ್ ಆಗಲು ಕೊಡುವ ಡಿಫಾಲ್ಟ್ 30 ಸೆಕೆಂಡ್. ಆದರೆ ಎನ್‌ಎಫ್‌ಎಸ್ ಬಿಡದೆ ಸಿಕ್ಕಿಕೊಂಡರೆ ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತದೆ. ಆ ನಡುವೆ ಎಬ್ಬಿಸುವ ಪ್ಯಾಕೆಟ್ ಬಂದರೆ, ಇನ್ನೂ ಪೂರ್ತಿ ಮಲಗದ ಮೆಷಿನ್‌ಗೆ ಬಂದಂತಾಗಿ ವ್ಯರ್ಥ. ಅದನ್ನು 120 ಮಾಡಿದೆ. ಎಬ್ಬಿಸುವ ಸ್ಕ್ರಿಪ್ಟ್ 15 ಸೆಕೆಂಡ್ ಅಂತರದಲ್ಲಿ ಮೂರು ಪ್ಯಾಕೆಟ್ ಕಳಿಸುವಂತೆ ಮಾಡಿದೆ.

ದಿನ 17: ನನ್ನ ದೊಡ್ಡ ತಪ್ಪು

ಬೆಳಗ್ಗೆ ನಮ್ಮ ತಂಡದವರೊಬ್ಬರು ಬಂದು ಕೇಳಿದರು. "ಹಳೆ-3ಕ್ಕೆ ಏನಾಯ್ತು? ರಾತ್ರಿಯಿಂದ ಲಾಗಿನ್ ಆಗ್ತಿಲ್ಲ."

ಅವರು ಸ್ಲರ್ಮ್ ಮೂಲಕ ಹೋಗದೆ ನೇರವಾಗಿ ಎಸ್‌ಎಸ್‌ಎಚ್ ಮಾಡಿ ಒಂದು ಕೆಲಸ ಹಚ್ಚಿದ್ದರು. ಐದು ಗಂಟೆ ಓಡಿತ್ತು. ಅಲ್ಲಿದ್ದ ಸ್ಲರ್ಮ್ ಜಾಬ್‌ಗಳು ಮುಗಿದ ಮೇಲೆ ಸ್ಲರ್ಮ್ ಲೆಕ್ಕದಲ್ಲಿ ಅಲ್ಲಿ ಜಾಬೇ ಇಲ್ಲ, ನೋಡ್ ಖಾಲಿ. ಹತ್ತು ನಿಮಿಷ ಕಾದು ಆಫ್ ಮಾಡಿತು. ಐದು ಗಂಟೆಯ ಕೆಲಸ ಹೋಯಿತು.

ಅವರ ತಪ್ಪು ಏನೂ ಇಲ್ಲ. ಮುಂಚಿನಿಂದ ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನು ತಡೆದಿರಲಿಲ್ಲ. ಮೆಷಿನ್ ಆಫ್ ಆಗುತ್ತದೆ ಅಂತ ಯಾರಿಗೂ ಹೇಳಿಯೂ ಇರಲಿಲ್ಲ. ಕರೆಂಟ್ ಉಳಿಸುವ ಹುರುಪಿನಲ್ಲಿ, ಈ ಮೆಷಿನ್‌ಗಳನ್ನು ಬಳಸುವವರು ಹೇಗೆ ಬಳಸುತ್ತಾರೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಕ್ಷಮೆ ಕೇಳಿದೆ, ಆ ಕೆಲಸವನ್ನು ನಾನೇ ಹೊಸ-2ರಲ್ಲಿ ಮತ್ತೆ ಹಚ್ಚಿಕೊಟ್ಟೆ.

ಅವಸರದಲ್ಲಿ ಮಾಡಿದ ಮೊದಲ ರಿಪೇರಿಯೂ ತಪ್ಪಾಯಿತು. ಆಫ್ ಮಾಡುವ ಸ್ಕ್ರಿಪ್ಟ್‌ನಲ್ಲಿ, ಯಾರಾದರೂ ಲಾಗಿನ್ ಆಗಿದ್ದರೆ ಆಫ್ ಮಾಡದೆ ಬಿಡು ಅಂತ ಬರೆದೆ. ಮೆಷಿನ್ ಎದ್ದೇ ಇತ್ತು, ಆದರೆ ಸ್ಲರ್ಮ್ ಅದನ್ನು ಮಲಗಿದೆ ಅಂತಲೇ ನಂಬಿತ್ತು. ಲೆಕ್ಕಕ್ಕೂ ನಿಜಕ್ಕೂ ತಾಳೆ ತಪ್ಪಿ, ಮುಂದಿನ ಜಾಬ್ ಬಂದಾಗ ನೋಡ್ ಡೌನ್ ಆಯಿತು. ಸರಿಯಾದ ದಾರಿ ಬೇರೆ ಇತ್ತು: ಲಿನಕ್ಸ್‌ನ ಲಾಗಿನ್ ತಪಾಸಣೆ ವ್ಯವಸ್ಥೆಯಾದ ಪ್ಯಾಮ್‌ಗೆ ಸ್ಲರ್ಮ್ ಅಡಾಪ್ಟ್ ಎಂಬ ಮಾಡ್ಯೂಲ್ ಇದೆ. ಯಾವ ನೋಡ್‌ನಲ್ಲಿ ನಿಮ್ಮ ಜಾಬ್ ಇಲ್ಲವೋ ಅಲ್ಲಿಗೆ ಎಸ್‌ಎಸ್‌ಎಚ್ ಬಿಡುವುದಿಲ್ಲ. ಅದನ್ನು ಹಾಕುವ ಮೊದಲು ಎಲ್ಲರನ್ನೂ ಕೂರಿಸಿಕೊಂಡು, ನೇರ ಲಾಗಿನ್ ಬದಲು ಇಂಟರ್ಯಾಕ್ಟಿವ್ ಜಾಬ್ ತೆಗೆದುಕೊಳ್ಳುವುದು ಹೇಗೆ ಅಂತ ತೋರಿಸಿದೆ. ಹದಿನೈದು ನಿಮಿಷ ಸಾಕಾಯಿತು. ಆ ಹದಿನೈದು ನಿಮಿಷ ದಿನ 13ರಂದೇ ಕೊಡಬೇಕಿತ್ತು.

ದಿನ 21: ಗಡಿಯಾರ

ಮೀಟರನ್ನು ಹಳೆ-4ಕ್ಕೆ ಬದಲಿಸಲು ಅದರ ಪ್ಲಗ್ ಕಿತ್ತು ಹಾಕಿದೆ. ಅದು ಎದ್ದಿತು, ಆದರೆ ಸ್ಲರ್ಮ್‌ಗೆ ಸೇರಲಿಲ್ಲ. ಲಾಗ್‌ನಲ್ಲಿ ಮಂಜ್‌ನ ದೂರು: ರೀವೌಂಡ್ ಕ್ರೆಡೆನ್ಷಿಯಲ್. ಮಂಜ್ ಅಂದರೆ ನೋಡ್‌ಗಳು ಒಂದನ್ನೊಂದು ಗುರುತಿಸುವ ವ್ಯವಸ್ಥೆ. ಅದರ ಚೀಟಿಗೆ ಸಮಯದ ಮುದ್ರೆ ಇರುತ್ತದೆ, ಡಿಫಾಲ್ಟ್ ಆಯುಷ್ಯ 5 ನಿಮಿಷ. ಹೆಡ್ ನೋಡ್ ಕಳಿಸಿದ ಚೀಟಿ ಹಳೆ-4ರ ಪಾಲಿಗೆ ಭವಿಷ್ಯದಿಂದ ಬಂದಂತಿತ್ತು, ಏಕೆಂದರೆ ಅದರ ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿತ್ತು.

ಮುಚ್ಚಳ ತೆಗೆದು ಸಿಆರ್2032 ಬಟನ್ ಸೆಲ್ ಹೊರತೆಗೆದೆ. ಮಲ್ಟಿಮೀಟರ್‌ನಲ್ಲಿ 1.9 ವೋಲ್ಟ್. ಹೊಸದು 3 ವೋಲ್ಟ್ ದಾಟಬೇಕು. ಪ್ಲಗ್ ಸಿಕ್ಕಿಸಿಕೊಂಡೇ ಆಫ್ ಆಗುತ್ತಿದ್ದಾಗ ಸ್ಟ್ಯಾಂಡ್‌ಬೈ ಕರೆಂಟ್ ಗಡಿಯಾರವನ್ನು ಓಡಿಸುತ್ತಿತ್ತು, ಪ್ಲಗ್ ಕಿತ್ತಾಗಲೇ ಬಣ್ಣ ಬಯಲಾದದ್ದು. ನಾಲ್ಕೂ ಹಳೆಯವಕ್ಕೆ ಹೊಸ ಸೆಲ್ ಹಾಕಿದೆ. ಗಡಿಯಾರ ಹೊಂದಿಸುವ ಕ್ರೋನಿ ಪ್ರೋಗ್ರಾಂ ಸಮಯ ಸರಿಮಾಡುವವರೆಗೆ ಸ್ಲರ್ಮ್‌ಡಿ (ನೋಡ್‌ನಲ್ಲಿ ಓಡುವ ಸ್ಲರ್ಮ್‌ನ ಭಾಗ) ಶುರುವಾಗದಂತೆಯೂ ಮಾಡಿದೆ. ಬೂಟ್ ಸಮಯ ನಾಲ್ಕು ಸೆಕೆಂಡ್ ಜಾಸ್ತಿಯಾಯಿತು.

ದಿನಕ್ಕೆ 2.4 ಯೂನಿಟ್.

ದಿನ 24: ಕೂಡಿಹಾಕಿ ಓಡಿಸುವುದು

ಅವಸರವಿಲ್ಲದ ಜಾಬ್‌ಗಳಿಗೆ 'ಸಾವಕಾಶ' ಅಂತ ಇನ್ನೊಂದು ಕ್ಯೂ ಮಾಡಿದೆ. ಅಲ್ಲಿಗೆ ಬಂದದ್ದು ಹೋಲ್ಡ್‌ನಲ್ಲಿ ನಿಲ್ಲುತ್ತದೆ. 15 ನಿಮಿಷಕ್ಕೊಮ್ಮೆ ಒಂದು ಸ್ಕ್ರಿಪ್ಟ್ ನೋಡುತ್ತದೆ, ಆರು ಕೋರ್-ಗಂಟೆಯಷ್ಟು ಕೆಲಸ ಕೂಡಿದ್ದರೆ ಎಲ್ಲವನ್ನೂ ಬಿಡುತ್ತದೆ. ಒಂದು ಮೆಷಿನ್ ಎದ್ದು, ತುಂಬಿ ಓಡಿ, ಮತ್ತೆ ಮಲಗುತ್ತದೆ.

ಕಾಯುವುದಕ್ಕೆ ಮೇಲಿನ ಮಿತಿ ಇಡುವುದನ್ನು ಮರೆತೆ. ರಜೆಯ ದಿನ ಒಂದೇ ಒಂದು ಜಾಬ್ ಬಂತು, ಜೊತೆಗೆ ಬೇರೆ ಬರಲಿಲ್ಲ, 19 ಗಂಟೆ ಅಲ್ಲೇ ನಿಂತಿತ್ತು. ಈಗ ಯಾವ ಜಾಬೂ 4 ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ.

ಇನ್ನೊಂದು ಬಾಲದ ಸಮಸ್ಯೆ. ಎಲ್ಲ ಜಾಬ್ ಮುಗಿದ ಮೇಲೂ ಒಂದು ಉದ್ದದ್ದು ಒಂದೇ ಕೋರ್ ಹಿಡಿದು ಹಳೆಯ ಮೆಷಿನ್‌ನಲ್ಲಿ ಆರು ಗಂಟೆ ಓಡುತ್ತಿತ್ತು. ಅದೊಂದಕ್ಕೆ 42 ವ್ಯಾಟ್. ಬಿಡುವ ಕ್ರಮ ಬದಲಿಸಿ ಉದ್ದದ್ದು ಮೊದಲು ಅಂತ ಮಾಡಿದೆ. ರೊನಾಲ್ಡ್ ಗ್ರಹಾಂ 1969ರಲ್ಲಿ ತೋರಿಸಿದ ಹಳೆಯ ಉಪಾಯ ಅದು. ಉದ್ದದ್ದು ಹೊಸ ಮೆಷಿನ್ ಹಿಡಿಯುತ್ತದೆ, ಚಿಕ್ಕವು ಸಂದುಗಳಲ್ಲಿ ತುಂಬಿಕೊಳ್ಳುತ್ತವೆ.

ಆದರೆ ಯಾವುದು ಉದ್ದ ಅಂತ ಗೊತ್ತಾಗಬೇಕಲ್ಲ? ಎಲ್ಲರೂ ಹತ್ತು ನಿಮಿಷದ ಜಾಬ್‌ಗೂ 24 ಗಂಟೆ ಅಂತ ಬರೆಯುತ್ತಿದ್ದರು. ಬೇಡ ಅನ್ನಲು ಆಗುವುದಿಲ್ಲ, ನಡುವೆ ಕೊಂದುಬಿಟ್ಟರೆ ಅನ್ನುವ ಭಯ ಅವರಿಗೆ. ಸ್ಲರ್ಮ್‌ನ ಹಳೆಯ ದಾಖಲೆ ತೆಗೆದು, ಪ್ರತಿ ಬಗೆಯ ಜಾಬ್‌ಗೂ ಹಿಂದೆ ಹಿಡಿದ ಅತಿ ಹೆಚ್ಚು ಸಮಯದ ಒಂದೂವರೆ ಪಟ್ಟನ್ನು ಡಿಫಾಲ್ಟ್ ಆಗಿ ಹಾಕಿದೆ. ಇದುವರೆಗೆ ಒಂದು ಜಾಬೂ ಮಿತಿ ದಾಟಿ ಸತ್ತಿಲ್ಲ. ಬ್ಯಾಕ್‌ಫಿಲ್ (ಖಾಲಿ ಸಂದುಗಳಲ್ಲಿ ಚಿಕ್ಕ ಜಾಬ್ ತುಂಬುವುದು) ಕೂಡ ಆಗಲೇ ಸರಿಯಾಗಿ ಕೆಲಸ ಮಾಡಲು ಶುರು ಮಾಡಿತು.

ದಿನ 30: ಮೀಟರ್ ಏನನ್ನುತ್ತದೆ

ಮೊದಲು 5.1. ಈಗ 1.9. ಹಗಲಿನಲ್ಲಿ ಹತ್ತು ಗಂಟೆ ಕಾಲ ಹೊಸ-1 ಮಲಗದಂತೆ ಇಟ್ಟರೆ 2.0. ಹಾಗೆಯೇ ಇಟ್ಟಿದ್ದೇನೆ. ಹೆಡ್ ನೋಡ್‌ನ ಒಂದು ಕ್ರಾನ್ (ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸ) ಬೆಳಗ್ಗೆ ಮತ್ತು ಸಂಜೆ ಕಾನ್ಫಿಗ್ ಫೈಲ್ ಬದಲಿಸುತ್ತದೆ. ದಿನಕ್ಕೆ 0.1 ಯೂನಿಟ್ ಖರ್ಚು, ಆದರೆ ಕೆಲಸಕ್ಕೆ ಕೂತವರು ಮೊದಲ ಜಾಬ್‌ಗೆ 40 ಸೆಕೆಂಡ್ ಕಾಯಬೇಕಿಲ್ಲ. ಅವರ ಸಮಾಧಾನ ನನಗೆ ಮುಖ್ಯ. ದಿನ 17ರ ನಂತರ ಇನ್ನೂ ಮುಖ್ಯ.

ಈಗ ಉಳಿದ ಖರ್ಚಿನಲ್ಲಿ 0.34 ಯೂನಿಟ್ ಹೆಡ್ ನೋಡ್ ಮತ್ತು ಸ್ವಿಚ್‌ನದ್ದು. ಅವು ಎಂದೂ ಮಲಗುವಂತಿಲ್ಲ. ಮಲಗಿದ ಮೆಷಿನ್‌ಗಳ ಸ್ಟ್ಯಾಂಡ್‌ಬೈ ಸುಮಾರು 0.16.

ದಿನ 34: ಇನ್ನೂ ಸಿಕ್ಕಿಕೊಂಡಿರುವುದು

ಹಳೆ-4 ಹತ್ತು ಸಲಕ್ಕೊಮ್ಮೆ ಏಳುವುದಿಲ್ಲ. ಮೂರೂ ಪ್ಯಾಕೆಟ್ ಹೋಗುತ್ತವೆ, ಹೆಡ್ ನೋಡ್‌ನಲ್ಲಿ ನೋಡಿ ಖಾತ್ರಿ ಮಾಡಿಕೊಂಡೆ. ಬಯೋಸ್, ಲಿಂಕ್ ಫೈಲ್, ಸೆಲ್ ಎಲ್ಲ ಸರಿ. ನಿನ್ನೆ ಏಳದಿದ್ದಾಗ ಹತ್ತಿರ ಹೋಗಿ ಹಿಂಭಾಗ ನೋಡಿದೆ. ನೆಟ್‌ವರ್ಕ್ ಪೋರ್ಟ್‌ನ ಹಸಿರು ದೀಪ ಆರಿತ್ತು. ಬೇರೆ ಮೂರರಲ್ಲಿ ಆಫ್ ಇದ್ದಾಗಲೂ ಆ ದೀಪ ಉರಿಯುತ್ತದೆ. ಕೇಬಲ್ ಸ್ವಲ್ಪ ಅಲುಗಿಸಿದೆ, ದೀಪ ಬಂತು, ಪ್ಯಾಕೆಟ್ ಕಳಿಸಿದೆ, ಎದ್ದಿತು.

ಕೇಬಲ್ ಬದಲಿಸಿದ್ದೇನೆ. ಅದರ ಕ್ಲಿಪ್ ಮುರಿದಿತ್ತು. ಸ್ವಿಚ್‌ನಲ್ಲೂ ಬೇರೆ ಪೋರ್ಟ್‌ಗೆ ಹಾಕಿದ್ದೇನೆ. ಎರಡನ್ನೂ ಒಟ್ಟಿಗೆ ಬದಲಿಸಬಾರದಿತ್ತು, ಸರಿಹೋದರೂ ಯಾವುದರಿಂದ ಅಂತ ತಿಳಿಯುವುದಿಲ್ಲ. ಹಾಗಾಗಿ ಪೋರ್ಟನ್ನು ಮತ್ತೆ ಹಳೆಯದಕ್ಕೇ ಹಾಕಿ, ಅರ್ಧ ಗಂಟೆಗೊಮ್ಮೆ ಮಲಗಿಸಿ ಎಬ್ಬಿಸುವ ಸ್ಕ್ರಿಪ್ಟ್ ಹಚ್ಚಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ 14 ಸಲ ಆಗಿದೆ, ಹದಿನಾಲ್ಕೂ ಸಲ ಎದ್ದಿದೆ. 50 ಆಗುವವರೆಗೆ ಆ ನೋಡ್‌ಗೆ ಜಾಬ್ ಬಿಡುವುದಿಲ್ಲ.